ಸೊಸೈಟಿಯೆಲ್ಲ ಸುತ್ತಿದ ಮಾತ್ರೆಗಳು

ಹಠಮಾರಿ ದತ್ತಣ್ಣನಿಗೆ,

ನೀನು ಕ್ಷೇಮವೆಂದು ನಂಬಿದ್ದೇನೆ ಎಂದು ಶುರು ಮಾಡಲಾರೆ. ಕ್ಷೇಮವಾಗಿದ್ದರೆ ಮತ್ತೆ ಆಸ್ಪತ್ರೆಯ ಹಾಸಿಗೆಯಲ್ಲಿ ಯಾಕೆ ಮಲಗಿರುತ್ತಿದ್ದೆ? ಬಾಯಲ್ಲೇ ಹೇಳೋಣವೆಂದರೆ, ನಾನು ವಾರ್ಡಿಗೆ ಕಾಲಿಟ್ಟ ತಕ್ಷಣ ನಿನಗೆ ನಿದ್ದೆ ಬರುತ್ತದೆ. ಚಹಾ ಬಂದರೆ ಎಚ್ಚರವಾಗುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ. ಗಗನಾ ತಂದು ಕೊಡುತ್ತಾಳೆ. ನಿನ್ನ ಮಗಳಿಗೆ ನೀನು ಕನ್ನಡ ಓದಲು ಕಲಿಸಲಿಲ್ಲ ಎಂದು ಇಷ್ಟು ವರ್ಷ ಗೊಣಗಿದವಳು ನಾನು. ಈಗ ಅದರಿಂದ ಒಂದು ಅನುಕೂಲವಾಗಿದೆ, ಮನಸ್ಸು ಬಿಚ್ಚಿ ಬೈಯಬಹುದು.

ಕ್ಯಾನ್ಸರ್ ಹಿಡಿದ ಮೂತ್ರಕೋಶವನ್ನು ಪೂರ್ತಿ ತೆಗೆದು, ಕರುಳಿನ ತುಂಡಿನಿಂದ ಹೊಸ ದಾರಿ ಮಾಡಿ, ಹೊಟ್ಟೆಯ ಮೇಲೆ ಚೀಲ ಅಂಟಿಸಿದರು. ಅಂಥ ಆಪರೇಷನ್ನನ್ನು ನೀನು ಹಲ್ಲು ಕೀಳಿಸಿಕೊಂಡವನಂತೆ ತಾಳಿಕೊಂಡೆ. ನನಗೆ ಎಂಥ ಹೆಮ್ಮೆಯಾಗಿತ್ತು! ಮನೆಗೆ ಹೊರಡುವ ದಿನ ಡಾಕ್ಟರು ಇಬ್ಬರನ್ನೂ ಕೂರಿಸಿ ಆಂಟಿಬಯಾಟಿಕ್ ಮಾತ್ರೆ ಕೊಟ್ಟರು. ಈ ಹೊಸ ದಾರಿಯಲ್ಲಿ ಸೋಂಕು ಬೇಗ ಕಿಡ್ನಿಗೆ ಏರುತ್ತದೆ, ಅದನ್ನು ತಡೆಯಲು ತಿಂಗಳು ಪೂರ್ತಿ ದಿನಕ್ಕೊಂದು, ಜ್ವರ ಇರಲಿ ಬಿಡಲಿ ಎಂದರು. ನೀನು ದೊಡ್ಡದಾಗಿ ತಲೆಯಾಡಿಸಿ, ‘ಸಮಝ್ ಗಯಾ, ಡಾಕ್ಟರ್ ಸಾಬ್’ ಎಂದೆ. ಏನು ಸಮಝಾಯಿತೋ ಆ ದೇವರಿಗೇ ಗೊತ್ತು.

ನಾನಾದರೂ ಎಚ್ಚರವಾಗಿರಬೇಕಿತ್ತು. ನಿನ್ನ ಡಬ್ಬಿ ನನಗೆ ಗೊತ್ತಿಲ್ಲದ್ದೇ? ಎಂ.ಎ. ಓದಲು ದೆಹಲಿಗೆ ಬಂದು ಆರ್.ಕೆ.ಪುರಂನ ನಿನ್ನ ಕ್ವಾರ್ಟರ್ಸ್‌ನಲ್ಲಿ ಇದ್ದಾಗಲೇ ನೋಡಿದ್ದೆ. ಸರ್ಕಾರಿ ಡಿಸ್ಪೆನ್ಸರಿಯಿಂದ ತಂದ ಮಾತ್ರೆಗಳಲ್ಲಿ ಒಂದೆರಡು ನುಂಗಿ, ಮೈ ಹಗುರಾದ ಕೂಡಲೇ ಉಳಿದದ್ದು ಬಿಸ್ಕತ್ತಿನ ಡಬ್ಬಿಗೆ. ಬ್ಲಾಕಿನಲ್ಲಿ ಯಾರು ಕೆಮ್ಮಿದರೂ ಡಬ್ಬಿ ಹಿಡಿದು ಹೊರಟೆ. ಅತ್ತಿಗೆ ಇದ್ದಾಗ ‘ಡಾಕ್ಟರ್ ಸಾಹೇಬ್ರು ರೌಂಡ್ಸಿಗೆ ಹೋದ್ರು’ ಎಂದು ನಗುತ್ತಿದ್ದರು. ರಿಟೈರಾಗಿ ಇಂದಿರಾಪುರಂನ ಈ ಅಪಾರ್ಟ್‌ಮೆಂಟ್ ಸೊಸೈಟಿಗೆ ಬಂದೆ, ಡಬ್ಬಿಯೂ ಲಿಫ್ಟ್ ಹತ್ತಿ ಬಂತು.

ಆದರೆ ನಿನ್ನ ಕಿಡ್ನಿ ಕಾಯಬೇಕಾದ ಮಾತ್ರೆಯನ್ನೂ ಆ ಡಬ್ಬಿಗೆ ಹಾಕುತ್ತೀಯೆಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ. ಒಂದು ವಾರ ನುಂಗಿದೆಯಂತೆ. ಆಮೇಲೆ ‘ಬಾರದ ಜ್ವರಕ್ಕೆ ಯಾರಾದ್ರೂ ಮಾತ್ರೆ ತಗೋತಾರಾ’ ಎಂದು ತೀರ್ಮಾನಿಸಿದೆ. ಪಕ್ಕದ ಟವರಿನ ಚಂದ್ರಮೋಹನರು ಉರಿಮೂತ್ರ ಎಂದರು; ಮಿಕ್ಕಿದ್ದೆಲ್ಲ ಅವರ ಕೈಗಿಟ್ಟೆ. ಅಲ್ಲಣ್ಣಾ, ಕೊಡೆ ಬಿಡಿಸಿದ್ದರಿಂದ ನೆನೆಯಲಿಲ್ಲ ಎಂಬುದನ್ನು ಮರೆತು, ಮಳೆಯೇ ಇಲ್ಲವೆಂದು ಕೊಡೆಯನ್ನೇ ದಾನ ಮಾಡುವವರು ಉಂಟೆ?

ಜ್ವರ ಬಂದ ಮೇಲಾದರೂ ಬಾಯಿ ಬಿಡಬೇಕಿತ್ತು. ಜೂನ್ ತಿಂಗಳ ಬಿಸಿಲು, ಹೊರಗೆ ಬೀದಿನಾಯಿಗಳು ಕಾರಿನಡಿ ಸೇರಿಕೊಂಡಿವೆ, ನೀನು ರಜಾಯಿ ಹೊದ್ದು ಕೂತು ‘ಎ.ಸಿ. ಸ್ವಲ್ಪ ಜಾಸ್ತಿಯಾಯ್ತು’ ಎಂದೆಯಂತೆ. ಎ.ಸಿ. ಹಾಕಿಯೇ ಇರಲಿಲ್ಲ! ಗಗನಾ ಅಳುತ್ತಾ ಫೋನ್ ಮಾಡಿದಳು: ‘ಅತ್ತೆ, ಪಪ್ಪಾ ಕಾಂಪ್ ರಹೇ ಹೈಂ, ತುಂಬಾ ನಡುಗ್ತಾ ಇದ್ದಾರೆ, ಮಾತಾಡ್ತಾ ಇಲ್ಲ, ಪ್ಲೀಸ್ ಬೇಗ ಬನ್ನಿ.’ ಮುನಿರ್ಕಾದ ನನ್ನ ಮನೆಯಿಂದ ಅಲ್ಲಿಗೆ ಬರುವಷ್ಟರಲ್ಲಿ ನನ್ನ ಜೀವ ಅರ್ಧವಾಗಿತ್ತು. ಸೋಂಕು ರಕ್ತಕ್ಕೆ ಸೇರಿದೆ, ಬಿ.ಪಿ. ಇಳಿಯುತ್ತಿದೆ ಎಂದರು. ಮಾತ್ರೆ ಯಾಕೆ ಬಿಟ್ಟಿರಿ ಎಂದು ಡಾಕ್ಟರು ಕೇಳಿದರೆ, ಆ ಸ್ಥಿತಿಯಲ್ಲೂ ನೀನು ಗಂಭೀರವಾಗಿ ‘ಫೀವರ್ ನಹೀಂ ಥಾ’ ಎಂದೆ. ಅವರು ನನ್ನ ಮುಖ ನೋಡಿದರು. ನಾನು ಗೋಡೆ ನೋಡಿದೆ.

ಅದಕ್ಕಿಂತ ಮೇಲಿನದು ಇನ್ನೊಂದಿದೆ. ಐಸಿಯುಗೆ ತಳ್ಳಿಕೊಂಡು ಹೋಗುವಾಗ ನೀನು ನನ್ನ ಕೈ ಹಿಡಿದು ಏನೋ ಹೇಳಹೊರಟೆ. ಗಗನಾಳ ವಿಷಯವಿರಬಹುದು ಎಂದು ಬಗ್ಗಿ ಕಿವಿ ಕೊಟ್ಟೆ. ‘ಮೈತ್ರೀ, ಚಂದ್ರಮೋಹನಂಗೆ ಹೇಳು, ಕೋರ್ಸ್ ಪೂರ್ತಿ ಮಾಡ್ಬೇಕಂತೆ’ ಎಂದೆ. ಮನೆಗೆ ಮಾರಿ ಊರಿಗೆ ಉಪಕಾರಿ ಎಂಬ ಗಾದೆಯನ್ನು ಅಮ್ಮ ನಿನ್ನನ್ನು ನೋಡಿಯೇ ಕಲಿತಿರಬೇಕು.

ಹೇಳಿದೆ, ಮಹರಾಯ. ಮರುದಿನ ಅವರೇ ಆಸ್ಪತ್ರೆಗೆ ಬಂದು ಕಣ್ಣೊರೆಸಿಕೊಳ್ಳುತ್ತಾ ನಿಂತಿದ್ದರು. ಎರಡೇ ದಿನಕ್ಕೆ ಉರಿ ಹೋಯಿತಂತೆ. ಉಳಿದ ಮಾತ್ರೆ ಕೆಳಗಿನ ಮನೆಯ ಉಷಾಗೆ, ಗಂಟಲು ನೋವಿಗೆ. ಉಷಾ ಒಂದು ನುಂಗಿ, ಮಿಕ್ಕಿದ್ದನ್ನು ‘ಬೇಕಾದಾಗ ಇರ್ಲಿ’ ಎಂದು ಫ್ರಿಜ್ಜಿನಲ್ಲಿ ಇಟ್ಟಿದ್ದಾಳೆ. ನಿನ್ನ ಮಾತ್ರೆ ಇಡೀ ಸೊಸೈಟಿ ಸುತ್ತಿತು, ನಿನ್ನ ಹೊಟ್ಟೆಗೆ ಮಾತ್ರ ಹೋಗಲಿಲ್ಲ. ಯಾರೂ ಕೋರ್ಸ್ ಮುಗಿಸಲಿಲ್ಲ, ಎಲ್ಲರೂ ನಿನ್ನನ್ನು ಹೊಗಳಿದರು. ನಾನು ಯಾರನ್ನೆಂದು ಬೈಯಲಿ?

ಈಗ ಇಂಜೆಕ್ಷನ್ ಹಿಡಿದಿದೆ, ಬದುಕಿಕೊಂಡೆ. ಇನ್ನೊಮ್ಮೆ ಹೀಗಾದರೆ ಕಿಡ್ನಿ ಉಳಿಯುವ ಭರವಸೆ ಕೊಡಲಾರೆ ಎಂದು ಡಾಕ್ಟರು ನನಗೆ ಹೇಳಿದ್ದಾರೆ. ನಿನಗೂ ಹೇಳಿದರು, ನೀನಾಗ ‘ನಿದ್ದೆ’ಯಲ್ಲಿದ್ದೆ. ಬರುವ ವಾರ ಮನೆಗೆ ಕಳುಹಿಸುವಾಗ ಮತ್ತೆ ಮಾತ್ರೆ ಕೊಡುತ್ತಾರೆ. ಕಾಲೇಜಿಗೆ ರಜೆ ಹಾಕಿದ್ದೇನೆ. ದಿನವೂ ನಾನೇ ಕೈಗೆ ಕೊಡುತ್ತೇನೆ, ನೀನು ನುಂಗಿ ಬಾಯಿ ತೆರೆದು ತೋರಿಸಬೇಕು. ನಗಬೇಡ. ಡಬ್ಬಿಯನ್ನು ಈಗಾಗಲೇ ಖಾಲಿ ಮಾಡಿದ್ದೇನೆ.

ಇಷ್ಟೆಲ್ಲ ಕೋಪ ಎಲ್ಲಿಂದ ಬಂತೆಂದು ನನಗೇ ಆಶ್ಚರ್ಯವಾಗಿತ್ತು. ಐಸಿಯು ಬಾಗಿಲಲ್ಲಿ ನರ್ಸ್ ‘ಪೇಷಂಟ್ ಆಪ್‌ಕೇ ಕೌನ್ ಹೈಂ’ ಎಂದು, ರೋಗಿ ನಿಮಗೇನಾಗಬೇಕೆಂದು ಕೇಳಿದಾಗ ತಿಳಿಯಿತು. ಅಪ್ಪ ಅಮ್ಮ ಇಲ್ಲ, ಅತ್ತಿಗೆಯೂ ಹೋದರು. ನನಗೆ ಭಯವಾಗಿದೆ, ಅಷ್ಟೇ. ನೀನಿಲ್ಲದಿದ್ದರೂ ಸೊಸೈಟಿಗೆ ಇನ್ನೊಬ್ಬ ಅಂಕಲ್‌ಜೀ ಸಿಗುತ್ತಾನೆ. ಇಷ್ಟು ದೊಡ್ಡ ದೆಹಲಿಯಲ್ಲಿ ನಾನು ‘ಅಣ್ಣಾ’ ಎಂದು ಕೂಗಿದರೆ ತಿರುಗಿ ನೋಡುವವರು ಬೇರೆ ಯಾರಿದ್ದಾರೆ?

ಚಿಕ್ಕವಳು ದೊಡ್ಡವರನ್ನು ಹರಸಬಾರದಂತೆ. ಇರಲಿ. ಮಾತ್ರೆ ನುಂಗಿಕೊಂಡು ನೂರು ವರ್ಷ ಬಾಳು.

ಇನ್ನೂ ಕೋಪ ಇಳಿಯದ ತಂಗಿ,
ಮೈತ್ರೇಯಿ