ಅಂತರಗಂಗೆಯ ಉರಿ

ಗುಬ್ಬಿ
12-6-81, ಶುಕ್ರವಾರ. ಬೆಳಗ್ಗೆ 5

ಸಗಣಿ ಕಲಸಿ ಗುಂಡಿಗೆ ಬಿಟ್ಟಾಯಿತು. ಕೈ ತೊಳೆದು ಬರೆಯುತ್ತಿದ್ದೇನೆ. ನಿದ್ದೆ ಬಾರದ ಮೇಲೆ ಮಲಗಿ ಮಾಡುವುದೇನು?

ಪುಟ್ಟನಿಗೆ ಮತ್ತೆ ಗೊರಗೊರ. ಎಂಟು ತಿಂಗಳ ಕೂಸಿನ ಎದೆಯೊಳಗೆ ಬೆಕ್ಕು ಕೂತ ಹಾಗೆ. ತುಮಕೂರಿನ ಡಾಕ್ಟರು ನಿನ್ನೆ ಔಷಧಿ ಬರೆದರು. ಬರೆದ ಮೇಲೆ ಒಲೆ ಯಾವುದು ಅಂತ ಕೇಳಿದರು. ಸೌದೆ ಅಂದೆ. ಪೆನ್ನಿನ ಕ್ಯಾಪು ಹಾಕುತ್ತಾ ಅಂದರು, ಹೊಗೆ ನಿಲ್ಲದಿದ್ದರೆ ಈ ಬಾಟಲಿಯಿಂದ ಏನೂ ಆಗಲ್ಲ.

ಹಿತ್ತಲಲ್ಲಿ ಗೋಬರ್ ಗ್ಯಾಸ್ ಇದೆ. ಮೂರು ಹಸು ಇದ್ದಾಗ ಮಾವ ಕಟ್ಟಿಸಿದ್ದು. ಈಗ ಗೌರಿ ಒಬ್ಬಳೇ. ಅವಳ ಸಗಣಿಗೆ ಬೆಳಗಿನ ಕಾಫಿ ಆಗುತ್ತದೆ, ಅಷ್ಟೆ. ಆಮೇಲೆಲ್ಲ ಸೌದೆ, ಹೊಗೆ, ಗೊರಗೊರ.

ಒಂದು ಹೊತ್ತಿಗೆ ಬರುವುದು ಮೂರು ಹೊತ್ತಿಗೂ ಬರಬೇಕು. ಬರಿಸುತ್ತೇನೆ.

14-6-81, ಭಾನುವಾರ

ಕೆರೆ ಏರಿ ಮೇಲೆ ಹೋಗಿದ್ದೆ. ನೀರೇ ಕಾಣದಷ್ಟು ಅಂತರಗಂಗೆ. ನೀಲಿ ಹೂ. ಕಿತ್ತಷ್ಟೂ ಬೆಳೆಯುತ್ತೆ ಅಂತ ಊರೆಲ್ಲ ಬೈಯುವ ಕಳೆ. ಅಲ್ಲೇ ಹೊಳೆಯಿತು — ಸಗಣಿಯೂ ಕೊಳೆತೇ ಅಲ್ಲವೇ ಗ್ಯಾಸು? ಇದೂ ಕೊಳೆಯಲಿ.

ಊಟದ ಹೊತ್ತಿಗೆ ಹೇಳಿದೆ. ಇವರು ನಕ್ಕರು. ಬಾಟನಿ ಓದಿದ್ದಕ್ಕೆ ಕೊನೆಗೆ ಕಳೆ ಕೀಳೋ ಯೋಗ ಬಂತು ಅಂದರು. ಅತ್ತೆ ನಗಲಿಲ್ಲ.

"ಕೆರೆ ಕೊಳಕನ್ನ ಅಡುಗೆಮನೆಗೆ ಬಿಡ್ತೀಯೇನೇ? ಏನಾದ್ರೂ ಮಾಡ್ಕೋ. ಆ ಉರೀಲಿ ದೇವರ ನೈವೇದ್ಯ ಮಾತ್ರ ಆಗಲ್ಲ."

ಆಗದಿದ್ದರೆ ಬೇಡ. ಮಿಕ್ಕಿದ್ದಾದರೂ ಆಗಲಿ.

22-6-81

ಚಿಕ್ಕಮಾರಮ್ಮ ಕೊಟ್ಟಿಗೆ ಕೆಲಸಕ್ಕೆ ಬರುವಾಗ ಒಂದು ಹೊರೆ ತರುತ್ತಾಳೆ. ಮೊದಲ ಹೊರೆ ಹಾಗೇ ತುರುಕಿದ್ದೆ. ಎಲ್ಲಾ ತೇಲಿ ಮೇಲೆ ಹೆಪ್ಪುಗಟ್ಟಿ ಕೂತಿತು. ಕೋಲು ಹಾಕಿ ತೆಗೆಯುವುದಕ್ಕೆ ಅರ್ಧ ದಿನ. ಈಗ ಕುಡುಗೋಲಿನಲ್ಲಿ ಬೆರಳುದ್ದ ಕತ್ತರಿಸಿ, ಸಗಣಿ ನೀರಿನಲ್ಲಿ ಮೂರು ದಿನ ನೆನೆಹಾಕಿ, ಕೊಳೆತ ಮೇಲೆ ಬಿಡುವುದು. ಅಂಗೈ ತುಂಬ ಬೊಬ್ಬೆ.

5-7-81, ಭಾನುವಾರ

ಗುಂಡಿ ಮೇಲೆ ಗ್ಯಾಸು ತುಂಬುವ ಕಬ್ಬಿಣದ ಡ್ರಮ್ ಮೂರು ಗೇಣು ಎದ್ದಿದೆ! ಕಾಫಿ, ಅನ್ನ, ಹುಳಿ, ರಾತ್ರಿಯ ಹಾಲು — ಎಲ್ಲಾ ಗ್ಯಾಸಿನಲ್ಲೇ. ಸೌದೆ ಒಲೆ ಅತ್ತೆಯ ನೈವೇದ್ಯಕ್ಕೆ ಮಾತ್ರ. ಪುಟ್ಟ ನಿನ್ನೆ ರಾತ್ರಿ ಒಂದೇ ಸಲ ಎದ್ದ.

ಆದರೆ ಅಂಬೆಗಾಲು ಶುರುವಾಗಿದೆ. ಸೀದಾ ಕೊಟ್ಟಿಗೆಗೇ ಹೋಗುತ್ತಾನೆ. ನೆಲದ ಮೇಲೆ ಕೈ, ಕೈ ಬಾಯಿಗೆ. ಫಿನಾಯಿಲ್ ಟಿನ್ ತರಿಸಿದೆ. ಕೊಟ್ಟಿಗೆ ದಿನಾ ಎರಡು ಸಲ ನಾನೇ ತೊಳೆಯುತ್ತೇನೆ. ಚಿಕ್ಕಮಾರಮ್ಮನಿಗೆ ಹೇಳಿದರೆ ಮೇಲೆ ಮೇಲೆ ಗುಡಿಸುತ್ತಾಳೆ.

24-7-81

ಡ್ರಮ್ ಕೂತುಬಿಟ್ಟಿದೆ. ವಾರದಿಂದ ಇಳಿಯುತ್ತಲೇ ಇತ್ತು... ಬರೆಯಲು ಮನಸ್ಸಾಗಲಿಲ್ಲ. ಇವತ್ತು ಬರ್ನರ್ ಸುಯ್ ಅಂದು ಆರಿತು. ಮತ್ತೆ ಸೌದೆ. ಮತ್ತೆ ಗೊರಗೊರ.

ಕಳೆ ಹಾಕಿ ಗುಂಡಿ ಕೆಡಿಸಿದೆ ಅಂತ ಅತ್ತೆ. ಇವರೂ ಹೌದೆಂದು ತಲೆಯಾಡಿಸಿದರು. ತಿಂಗಳ ಕೊನೆಯೊಳಗೆ ಸರಿಯಾಗದಿದ್ದರೆ ಗುಂಡಿ ಮುಚ್ಚಿಸುವುದಂತೆ. ಮಗುವನ್ನು ಕುಣಿಗಲ್‌ಗೆ, ನಮ್ಮಮ್ಮನ ಮನೆಗೆ ಕರೆದುಕೊಂಡು ಹೋಗು ಅಂದರು. ಅಲ್ಲೇನು ಸೌದೆ ಒಲೆ ಇಲ್ಲವೇ?

ಹೋಗಲ್ಲ. ಇನ್ನೂ ಎರಡು ಹೊರೆ ಕತ್ತರಿಸಿದೆ.

26-7-81, ಭಾನುವಾರ. ಮಧ್ಯಾಹ್ನ

ಚಿಕ್ಕಮಾರಮ್ಮ ಹೊರೆ ಇಳಿಸಿ, ಗುಂಡಿ ಹತ್ತಿರ ನಿಂತು ಮೂಗೆಳೆದಳು.

"ನಾರ್ತಾನೇ ಇಲ್ವಲ್ಲವ್ವಾ. ಸಗಣಿ ಗುಂಡಿ ನಾರ್ಬೇಕು ಕಣವ್ವಾ. ಇದು ಒಳ್ಳೆ ಆಸ್ಪತ್ರೆ ಇದ್ದಂಗೈತೆ."

ಆಸ್ಪತ್ರೆ.

ಕೈಯಲ್ಲಿದ್ದ ಕುಡುಗೋಲು ಹಾಗೇ ನಿಂತಿತು. ಕೊಟ್ಟಿಗೆ ತೊಳೆದ ನೀರು ಎಲ್ಲಿಗೆ ಹೋಗುತ್ತೆ? ಕಾಲುವೆಗೆ. ಕಾಲುವೆ? ಸೀದಾ ಗುಂಡಿಗೆ. ದಿನಾ ಎರಡು ಸಲ ಫಿನಾಯಿಲ್. ಗ್ಯಾಸು ಮಾಡುವುದೇ ಕ್ರಿಮಿ. ಕಾಲೇಜಿನ ಲ್ಯಾಬಿನಲ್ಲಿ ಟೇಬಲ್ ಇದರಲ್ಲೇ ಒರೆಸುತ್ತಿದ್ದುದು ಯಾತಕ್ಕೆ? ಕ್ರಿಮಿ ಸಾಯಲಿ ಅಂತ. ಮೂರು ವಾರ ನಿಂತು ನಿಂತು ಕೊಂದಿದ್ದೇನೆ, ನಾನೇ.

ಕಳೆಯದಲ್ಲ ತಪ್ಪು. ಬಾಯಿ ಮುಚ್ಚಿಕೊಂಡಿದ್ದರೆ ಬೈಗುಳ ಕಳೆಗೇ ಹೋಗುತ್ತೆ. ಗುಂಡಿಯೂ ಹೋಗುತ್ತೆ.

ಸಂಜೆ

ಹೇಳಿದೆ. ಎಲ್ಲರ ಎದುರಿಗೂ. ಇವರು ಟಿನ್ ಎಷ್ಟು ಖಾಲಿಯಾಗಿದೆ ನೋಡಿ ಬಂದರು. ಅತ್ತೆ ಬತ್ತಿ ಹೊಸೆಯುತ್ತಲೇ ಅಂದರು:

"ಅಷ್ಟೊಂದು ಭಯ ಯಾಕೆ ಕಣೇ? ನಿನ್ನ ಗಂಡ ಆ ಕೊಟ್ಟಿಗೇಲೇ ಬಿದ್ದು ಹೊರಳಿ ಬೆಳೆದೋನು. ಸಗಣಿ ತಿಂದಿದಾನೆ, ಕೇಳು ಬೇಕಾದ್ರೆ."

ಇವರ ಕಿವಿ ಕೆಂಪಾಯಿತು. ಎಷ್ಟೋ ದಿನದ ಮೇಲೆ ನಕ್ಕೆ.

ಟಿನ್ ಚಿಕ್ಕಮಾರಮ್ಮನ ಕೈಗೆ ಕೊಟ್ಟೆ, ಎಲ್ಲಾದರೂ ತೆಗೆದುಕೊಂಡು ಹೋಗು ಅಂತ. ಕೊಟ್ಟಿಗೆಗೆ ಇನ್ನು ಬಿಸಿನೀರು, ಪೊರಕೆ. ಬಾಗಿಲಿಗೆ ಅಡ್ಡ ಹಲಗೆ.

30-7-81

ಅರ್ಧ ಗುಂಡಿಯಷ್ಟು ಕೆಟ್ಟ ಬಗ್ಗಡ ಎತ್ತಿ ಹೊರಗೆ ಹಾಕಿದ್ದಾಯಿತು, ನಾನೂ ಚಿಕ್ಕಮಾರಮ್ಮನೂ. ಹೊಸ ಕ್ರಿಮಿ ಬೇಕಲ್ಲ — ಕ್ಯಾತ್ಸಂದ್ರದ ಮಹಾಲಿಂಗಯ್ಯನವರ ಗೋಬರ್ ಗ್ಯಾಸ್ ಚೆನ್ನಾಗಿ ನಡೆಯುತ್ತದೆ. ಇವರು ಅಲ್ಲಿಂದ ಎರಡು ಹಾಲಿನ ಕ್ಯಾನು ಬಗ್ಗಡ ತುಂಬಿಸಿಕೊಂಡು ರೈಲಿನಲ್ಲಿ ತಂದರು. ಪಕ್ಕದಲ್ಲಿ ಕೂತವರು ಹಾಲು ಲೀಟರಿಗೆ ಎಷ್ಟು ಅಂತ ಕೇಳಿದರಂತೆ. ಮುಚ್ಚಳ ತೆಗೆದು ತೋರಿಸಿದೆ, ಇಡೀ ಬೆಂಚು ನನಗೇ ಬಿಟ್ಟರು ಅಂದರು.

ಗುಂಡಿ ಮುಚ್ಚುವ ಮಾತು ಆಡಲಿಲ್ಲ. ನಾನೂ ನೆನಪಿಸಲಿಲ್ಲ.

9-8-81

ಡ್ರಮ್ ಒಂದು ಗೇಣು. ಕಡ್ಡಿ ಗೀರಿದರೆ ಹತ್ತಲಿಲ್ಲ. ಮೊದಲ ಗ್ಯಾಸು ಹಾಗೇ, ಗಾಳಿಗೆ ಬಿಟ್ಟುಬಿಡಿ ಅಂದಿದ್ದರಂತೆ ಮಹಾಲಿಂಗಯ್ಯ. ಬಿಟ್ಟೆ. ಅಂತರಗಂಗೆ ದಿನಕ್ಕೆ ಒಂದು ಹೊರೆ, ತಪ್ಪಿಸಿಲ್ಲ.

14-8-81, ಶುಕ್ರವಾರ. ವರಮಹಾಲಕ್ಷ್ಮಿ ಹಬ್ಬ. ಬೆಳಗ್ಗೆ 8

ಎರಡೂವರೆ ಗೇಣು. ಬುಧವಾರದಿಂದ ನೀಲಿಯಾಗಿ ಉರಿಯುತ್ತಿದೆ.

ಅತ್ತೆ ಮಡಿಯಲ್ಲಿ ನೈವೇದ್ಯಕ್ಕೆ ಸೌದೆ ಒಲೆ ಹಚ್ಚಿದರು. ಮಳೆಗೆ ನೆನೆದ ಸೌದೆ. ಹೊಗೆ ನಡುಮನೆ ತನಕ ಬಂತು. ಪುಟ್ಟ ಕೆಮ್ಮಿದ. ಒಂದೇ ಸಲ. ನಾನು ಕಾಯಿ ತುರಿಯುತ್ತಿದ್ದೆ. ಛಂಯ್ ಅಂತ ಸದ್ದು. ತಿರುಗಿದರೆ, ಅತ್ತೆ ಉರಿಯುವ ಕೊಳ್ಳಿಗೆ ನೀರು ಸುರಿಯುತ್ತಿದ್ದಾರೆ. ಪಾಯಸದ ಹಾಲಿನ ಪಾತ್ರೆ ತಂದು ಗ್ಯಾಸಿನ ಒಲೆ ಮೇಲಿಟ್ಟರು. ನನ್ನ ಮುಖ ನೋಡಲಿಲ್ಲ.

"ಹತ್ತಿಸು."

ಹತ್ತಿಸಿದೆ. ಹಾಲು ನೋಡಿಕೋ ಅಂದು ಅವರು ದೇವರ ಮನೆಗೆ ಹೋದರು. ನಾನು ಪುಟ್ಟನನ್ನು ನೋಡಲು ಬಂದೆ. ಮತ್ತೆ ನಿದ್ದೆ ಹೋಗಿದ್ದಾನೆ. ಸದ್ದೇ ಇಲ್ಲ. ಮೂಗಿನ ಹತ್ತಿರ ಬೆರಳಿಟ್ಟೆ. ಬೆಚ್ಚಗೆ ತಾಗಿತು. ಎದೆಗೆ ಕಿವಿ ಇಟ್ಟೆ. ಗೊರಗೊರ ಇಲ್ಲ. ಬರೀ ಉಸಿರು. ಇಷ್ಟು ತಿಂಗಳು ಆ ಸದ್ದು ಕೇಳಿ ಕೇಳಿ, ಇಲ್ಲದಿದ್ದರೂ ಭಯವೇ! ಪಕ್ಕದಲ್ಲೇ ಕೂತು ಬರೆಯುತ್ತಿದ್ದೇನೆ. ಇನ್ನೊಂದು ಸಲ ಕಿವಿ ಇಟ್ಟು ನೋಡಿ —

ಅತ್ತೆ ಕೂಗುತ್ತಿದ್ದಾರೆ. ಶಾರದಾ, ಹಾಲು —