ನನ್ನ ಕಡತ ತೆರೆದವಳಿಗೆ

ಕ್ಯಾಯ್ನಾ, ಹಿಯುಮಾ ದ್ವೀಪ
ಮಾರ್ಚ್ ೧೪, ಗುರುವಾರ

ಪ್ರೀತಿಯ ಪಿರೆತ್ ಅಕ್ಕಾ,

ಹೇಗಿದ್ದೀಯ? ಈ ಚಳಿಗೆ ನಿನ್ನ ಮೊಣಕಾಲು ನೋವು ಜಾಸ್ತಿಯಾಗಿರಬೇಕು. ನಿನ್ನ ಆಸ್ಪತ್ರೆಯಿರುವ ತಾರ್ತುವಿನಲ್ಲಿ ಹಿಮ ಕರಗಿತೋ ಏನೋ, ಇಲ್ಲಿ ದಡದುದ್ದಕ್ಕೂ ಇನ್ನೂ ಮಂಜುಗಡ್ಡೆಯಿದೆ. ಹಡಗು ಅದನ್ನು ಸೀಳಿಕೊಂಡು ಹೋಗುವಾಗ ಅದರೊಳಗಿನ ನಮ್ಮ ಕ್ಯಾಂಟೀನಿನ ಕಪ್ಪುಗಳೆಲ್ಲ ಗಲಗಲ ಎನ್ನುತ್ತವೆ. ನಾನು ಕೆಲಸಕ್ಕೆ ಮರಳಿದ್ದೇನೆ. ಭಾರ ಎತ್ತಬಾರದಂತೆ. ಸೂಪಿನ ಪಾತ್ರೆಯನ್ನು ಬೇರೆಯವರು ಎತ್ತುತ್ತಾರೆ, ನಾನು ಬಡಿಸುತ್ತೇನೆ. ಹಗಲು ಹೇಗೋ ಕಳೆಯುತ್ತದೆ. ಮನೆಗೆ ಬಂದರೆ ಒಬ್ಬಳಿಗಾಗಿ ಆಲೂಗಡ್ಡೆ ಬೇಯಿಸಲು ಮನಸ್ಸಾಗುವುದಿಲ್ಲ. ಕಪ್ಪು ರೊಟ್ಟಿಗೆ ಬೆಣ್ಣೆ ಸವರಿ ತಿಂದು, ರೇಡಿಯೋ ಹಾಕಿಕೊಂಡು ಮಲಗುತ್ತೇನೆ. ಯಾರದಾದರೂ ದನಿ ಇರಲಿ ಎಂದು, ಅಷ್ಟೇ. ನೀನಿದ್ದಿದ್ದರೆ ಬೈಯುತ್ತಿದ್ದೆ.

ಅಮ್ಮನನ್ನು ಮಣ್ಣು ಮಾಡಿದ ದಿನದಿಂದ ನಾವಿಬ್ಬರೂ ಮಾತಾಡಿಲ್ಲ. ಅಂದು ಸ್ಮಶಾನದ ಗೇಟಿನ ಹತ್ತಿರ ನಾನು ಆಡಿದ ಮಾತು, ನೀನು ಆಡಿದ ಮಾತು ಎರಡೂ ನನಗೆ ನೆನಪಿವೆ. ಅವನ್ನು ಇಲ್ಲಿ ಮತ್ತೆ ಬರೆಯುವುದಿಲ್ಲ. ಫೋನ್ ಮಾಡಬಹುದಿತ್ತು. ಆದರೆ ನೀನು ಎತ್ತಿದರೆ ಏನು ಹೇಳುವುದೆಂದು ತಿಳಿಯದೆ ಕಾಗದ ಹಿಡಿದು ಕೂತೆ.

ನವೆಂಬರಿನಲ್ಲಿ ಏನಾಯಿತೆಂದು ನಿನಗೆ ಗೊತ್ತೇ ಇದೆ, ಆದರೂ ನನ್ನ ಬಾಯಿಂದ ಕೇಳು. ಕಾಫಿ ಸುರಿಯುತ್ತಿದ್ದಾಗ ಎದೆಯ ಮೇಲೆ ಯಾರೋ ಕೂತಂತಾಯಿತು. ಹಡಗು ದಡ ಮುಟ್ಟುವ ಮೊದಲೇ ಆಂಬುಲೆನ್ಸ್ ಬಂದು ನಿಂತಿತ್ತು. ದೊಡ್ಡಾಸ್ಪತ್ರೆಯಲ್ಲಿ ಹೃದಯದ ನಾಳಕ್ಕೆ ಸ್ಟೆಂಟ್ ಹಾಕಿ, ರಕ್ತ ಹೆಪ್ಪುಗಟ್ಟದಿರಲೆಂದು ಮಾತ್ರೆ ಕೊಟ್ಟು ಕಳಿಸಿದರು. ಆಸ್ಪತ್ರೆಯಲ್ಲಿ, ‘ನಿಮ್ಮವರಲ್ಲಿ ಯಾರಿಗೆ ತಿಳಿಸೋಣ?’ ಎಂದು ನರ್ಸ್ ಕೇಳಿದಳು. ಪಕ್ಕದ ಮನೆಯ ಹಿಲ್ಯಾಳ ಹೆಸರು ಹೇಳಿದೆ. ಮನೆಗೆ ಬಂದ ಮೇಲೆ ಒಂದು ಬೆಳಿಗ್ಗೆ ನಮ್ಮೂರ ಡಾಕ್ಟರ್ ಮಾಲ್ಲೆ ಫೋನ್ ಮಾಡಿದರು. ‘ಆನ್ನೆಲಿ, ಆ ಮಾತ್ರೆ ನಿಲ್ಲಿಸು. ಬೇರೆ ಬರೆದಿದ್ದೀನಿ, ಈಗ್ಲೇ ಹೋಗಿ ತಗೋ. ನಿನ್ನ ಮೈಯಲ್ಲಿ ಅದು ಕೆಲಸ ಮಾಡೋದೇ ಇಲ್ಲ.’ ಹೇಗೆ ಗೊತ್ತಾಯಿತೆಂದು ಕೇಳಿದೆ. ಹಳೆಯ ಶಾಲೆಯ ಸಭಾಂಗಣದಲ್ಲಿ ಅಮ್ಮ, ನೀನು, ನಾನು ಸಾಲಾಗಿ ನಿಂತು ವಂಶವಾಹಿ ಪರೀಕ್ಷೆಗೆಂದು ರಕ್ತ ಕೊಟ್ಟಿದ್ದೆವಲ್ಲ, ಅದರ ವರದಿ ಕಂಪ್ಯೂಟರಿನಲ್ಲಿರುವ ನನ್ನ ಆರೋಗ್ಯದ ಕಡತಕ್ಕೆ ಸೇರಿತ್ತಂತೆ. ಯಾರೂ ತೆರೆಯದ ಮೂಲೆಯಲ್ಲಿ ಸುಮ್ಮನೆ ಬಿದ್ದಿತ್ತಂತೆ. ‘ಇಷ್ಟು ದಿನ ಇಲ್ಲದ್ದು ಈಗ ಯಾರು ತೆರೆದ್ರು?’ ಎಂದೆ. ‘ಅದನ್ನ ನನ್ನ ಕೇಳ್ಬೇಡ’ ಎಂದು ಫೋನ್ ಇಟ್ಟರು.

ಕಂಪ್ಯೂಟರಿನಲ್ಲಿ ನಾನೇ ನೋಡಿದೆ. ಕಡತವನ್ನು ಯಾವ ಡಾಕ್ಟರ್ ತೆರೆದರೂ ಅವರ ಹೆಸರು ಅಲ್ಲಿ ಉಳಿಯುತ್ತದೆ. ನಿನ್ನ ಹೆಸರಿತ್ತು, ಅಕ್ಕಾ. ವರದಿ ಕಂಡು ಮಾಲ್ಲೆ ಡಾಕ್ಟರಿಗೆ ತಿಳಿಸಿದವಳು ನೀನೇ. ಆ ವಾರ ಮಾತ್ರವಲ್ಲ. ಹಿಂದೆ ಹಿಂದೆ ಸರಿಸುತ್ತಾ ಹೋದೆ. ಪ್ರತಿ ವರ್ಷ, ಎರಡು ಮೂರು ತಿಂಗಳಿಗೊಮ್ಮೆ, ಅಮ್ಮ ಹೋದ ಚಳಿಗಾಲದವರೆಗೂ ನೀನೇ. ನನಗೆ ಯಾರೂ ಇಲ್ಲವೆಂದುಕೊಂಡು ಕಳೆದ ದಿನಗಳಲ್ಲೆಲ್ಲ ನೀನು ಬಂದು ಇಣುಕಿ ಹೋಗಿದ್ದೆ. ಕುರ್ಚಿಯಲ್ಲೇ ಕೂತು ಅತ್ತೆ. ಆಮೇಲೆ ಸಿಟ್ಟು ಬಂತು. ಒಂದು ವರ್ಷ ನಾನು ಹಾಸಿಗೆಯಿಂದ ಏಳಲಾಗದೆ ಮನಸ್ಸಿನ ಕಾಯಿಲೆಗೆ ಮಾತ್ರೆ ತಿಂದೆ. ಹಿಲ್ಯಾಳಿಗೂ ಗೊತ್ತಿಲ್ಲ. ಅದನ್ನೂ ನೀನು ಓದಿದ್ದೀಯ. ಓದಿಯೂ ಒಂದು ಮಾತು ಕೇಳಲಿಲ್ಲ.

ಜನವರಿಯಲ್ಲಿ ಮಾಹಿತಿ ರಕ್ಷಣೆಯ ಕಚೇರಿಯಿಂದ ಒಬ್ಬರು ಫೋನ್ ಮಾಡಿದರು. ಬಹಳ ಮರ್ಯಾದೆಯ ಮನುಷ್ಯ. ‘ನಿಮಗೆ ಚಿಕಿತ್ಸೆ ಕೊಡದ ಡಾಕ್ಟರೊಬ್ಬರು ನಿಮ್ಮ ಕಡತ ನೋಡಿದ್ದಾರೆ ಮೇಡಂ. ನೀವು ಒಪ್ಪಿಗೆ ಕೊಟ್ಟಿದ್ರಾ? ಯೋಚನೆ ಮಾಡಿ ಬರೆದು ಕಳಿಸಿ.’ ಹಿಲ್ಯಾ ಬೇಲಿಯಾಚೆಯಿಂದಲೇ ತೀರ್ಪು ಕೊಟ್ಟಳು: ‘ಕೊಟ್ಟಿದ್ದೆ ಅಂತ ಬರೆದು ಬಿಸಾಕೇ. ಒಡಹುಟ್ಟಿದವಳಲ್ವಾ? ಅವಳ ಕೆಲಸ ಹೋದ್ರೆ ನಿಂಗೇನು ಸಿಗುತ್ತೆ?’ ‘ಹಿಲ್ಯಾ’ ಅಂದರೆ ಮೌನಿ, ಆ ಹೆಸರನ್ನು ಇವಳಿಗಿಟ್ಟವರನ್ನು ಹುಡುಕಿ ಬೈಯಬೇಕು ಎಂದು ಅಮ್ಮ ಹೇಳುತ್ತಿದ್ದಳಲ್ಲ, ಇನ್ನೂ ಹಾಗೇ ಇದ್ದಾಳೆ. ಮಾಲ್ಲೆ ಡಾಕ್ಟರ್ ಒಪ್ಪಲಿಲ್ಲ. ‘ಇವತ್ತು ಅಕ್ಕ ಪ್ರೀತಿಯಿಂದ ನೋಡ್ತಾಳೆ, ನಾಳೆ ಇನ್ಯಾರೋ ಹಗೆಯಿಂದ ನೋಡ್ತಾರೆ. ಕಾನೂನಿಗೆ ಪ್ರೀತಿ ಯಾವುದು ಹಗೆ ಯಾವುದು ಅಂತ ಗೊತ್ತಾಗಲ್ಲ ಆನ್ನೆಲಿ.’ ಆಮೇಲೆ ಅವರೇ ಅಂದರು, ‘ಇಂಥ ವರದಿ ಇದೆ ಅಂತ ಮಾತ್ರೆ ಬರೆಯೋವಾಗಲೇ ಕಂಪ್ಯೂಟರ್ ಎಚ್ಚರಿಸೋ ಹಾಗೆ ಮಾಡಿ ಅಂತ ನಾವು ಎಷ್ಟು ಸಲ ಕೇಳಿದ್ವಿ. ಮಾಡಿದ್ರೆ ಯಾರೂ ಕದ್ದು ನೋಡ್ಬೇಕಾಗಿರ್ಲಿಲ್ಲ.’

ಹಲವು ದಿನ ಯೋಚಿಸಿದೆ. ಆ ವರದಿಯಲ್ಲಿರುವುದು ನನ್ನದು ಮಾತ್ರವೇ? ಅಮ್ಮನಿಂದ ಬಂದದ್ದಾದರೆ ನಿನ್ನಲ್ಲೂ ಇರಬಹುದು. ಅದನ್ನು ನೋಡುವ ಹಕ್ಕು ನಿನಗಿದೆಯೋ ಇಲ್ಲವೋ ನನಗೆ ತಿಳಿಯಲಿಲ್ಲ. ತಿಳಿದಷ್ಟನ್ನು ಬರೆದೆ: ಒಪ್ಪಿಗೆ ಕೊಟ್ಟಿರಲಿಲ್ಲ. ಅವಳು ನೋಡಿದ್ದರಿಂದ ನಾನು ಬದುಕಿದ್ದೇನೆ. ನನ್ನ ದೂರಿಲ್ಲ. ಸುಳ್ಳು ಬರೆಯಲಾಗಲಿಲ್ಲ, ಕ್ಷಮಿಸು. ನಿನಗೆ ಎಚ್ಚರಿಕೆ ಕೊಟ್ಟು ಬಿಟ್ಟಿದ್ದಾರೆ, ಕೆಲಸಕ್ಕೆ ತೊಂದರೆಯಿಲ್ಲ ಎಂದು ಮೊನ್ನೆ ತಿಳಿಯಿತು. ಅಂದು ಬಹಳ ದಿನಗಳ ಮೇಲೆ ಒಲೆ ಹಚ್ಚಿ ಆಲೂಗಡ್ಡೆ ಬೇಯಿಸಿದೆ.

ನೀನೂ ನಿನ್ನ ವರದಿ ನೋಡಿಸಿಕೋ. ನಿನ್ನನ್ನು ಕೇಳಿದೆ ಎಂದು ತಿಳಿಸಲು ಹಿಲ್ಯಾ ಹೇಳಿದ್ದಾಳೆ. ಕಾಲು ಬೆಚ್ಚಗಿಟ್ಟುಕೋ, ಮೈ ನೋಡಿಕೋ.

ನಿನ್ನ ತಂಗಿ,
ಆನ್ನೆಲಿ

ಮರೆತೆ: ಹಡಗು ಹೊರಡುವ ಹೊತ್ತಾಯಿತು, ಬೇಗ ಬರೆಯುತ್ತಿದ್ದೇನೆ. ಇಂದು ಬೆಳಿಗ್ಗೆ ನನ್ನ ಕಡತವನ್ನು ಮಾಲ್ಲೆ ಡಾಕ್ಟರೊಬ್ಬರನ್ನು ಬಿಟ್ಟು ಉಳಿದೆಲ್ಲರಿಗೂ ಮುಚ್ಚಿಸಿದೆ. ನಿನಗೂ. ಇನ್ನು ನಾನು ಹೇಗಿದ್ದೇನೆಂದು ತಿಳಿಯಬೇಕಾದರೆ ನೀನು ಬಂದು ಕೇಳಲೇಬೇಕು. ಕೇಳಿದರೆ ಎಲ್ಲ ಹೇಳುತ್ತೇನೆ, ಅಕ್ಕಾ. ಆ ವರ್ಷದ್ದೂ ಹೇಳುತ್ತೇನೆ.