ಮಂಚದಡಿಯ ರಟ್ಟಿನ ಪೆಟ್ಟಿಗೆಗಳು

ಮಾರ್ಚ್ ೯, ಭಾನುವಾರ

ಪ್ರೀತಿಯ ಅಕ್ಕನಿಗೆ ತಂಗಿಯ ನಮಸ್ಕಾರ.

ನಿನ್ನ ಎರಡು ಕಾಗದಗಳೂ ಕೈಸೇರಿವೆ. ಇಷ್ಟು ದಿನ ಉತ್ತರ ಬರೆಯದೆ ಕೂತದ್ದಕ್ಕೆ ಬೈದುಕೋ, ಬೇಡ ಅನ್ನುವುದಿಲ್ಲ. ಕೂತರೆ ಕಣ್ಣು ಎಳೆಯುತ್ತದೆ, ಎದ್ದರೆ ಸೊಂಟ ಹಿಡಿಯುತ್ತದೆ. ಆಸ್ಪತ್ರೆಯಲ್ಲಿ ಅಷ್ಟು ವರ್ಷ ನರ್ಸಾಗಿ ದುಡಿದಾಗಲೂ ಹೀಗೆ ದಣಿದಿರಲಿಲ್ಲ. ರಿಟೈರಾದ ಮೇಲೆ ಕಾಲು ಚಾಚಿ ಕೂರುತ್ತೇನೆ ಎಂದು ಜಂಬ ಕೊಚ್ಚಿದ್ದೆನಲ್ಲ, ಕಾಲು ಚಾಚಲು ಈಗ ಮನೆಯಲ್ಲಿ ಜಾಗವೇ ಇಲ್ಲ.

ಮಗಳು ಬಂದಿದ್ದಾಳೆ ಎಂದಷ್ಟೇ ಫೋನಿನಲ್ಲಿ ಹೇಳಿದ್ದೆ. ಪಕ್ಕದಲ್ಲೇ ಇರುತ್ತಾಳೆ, ಇನ್ನೇನು ಹೇಳಲಿ? ನಾಲ್ಕು ದಿನ ಇದ್ದು ಹೋಗಲು ಬಂದವಳಲ್ಲ ಅಕ್ಕ. ಅಳಿಯ ಬೇರೆ ಒಬ್ಬಳ ಜೊತೆ ಮನೆ ಮಾಡಿದ್ದಾನೆ. ಇವಳು ಎರಡು ಸೂಟ್‌ಕೇಸು ಹಿಡಿದು, ಮಗಳು ಗುಬ್ಬಿಯನ್ನು ಕಂಕುಳಲ್ಲಿ ಎತ್ತಿಕೊಂಡು ಬಂದುಬಿಟ್ಟಳು. ಮೊಮ್ಮಗಳಿಗೆ ಇನ್ನೂ ಇದು ಅಜ್ಜಿಮನೆಯ ರಜೆ.

ಬಂದವಳು ಸೂಟ್‌ಕೇಸು ಖಾಲಿ ಮಾಡಲೇ ಇಲ್ಲ. ಬಟ್ಟೆಯನ್ನು ಅದರೊಳಗಿಂದ ಎಳೆದು ಉಟ್ಟು, ಒಗೆದು, ಮತ್ತೆ ಅದರೊಳಗೇ ಇಡುತ್ತಿದ್ದಳು. “ಬೀರುವಿನಲ್ಲಿ ಒಂದು ಕಡೆ ಖಾಲಿ ಮಾಡಿಕೊಡ್ತೀನಿ ಕಣೇ” ಅಂದರೆ “ಇರಲಿ ಬಿಡಮ್ಮ” ಅನ್ನುತ್ತಿದ್ದಳು. ಫೋನು ಸದ್ದಾದರೆ ಮುಖ ಬೆಳಗುತ್ತಿತ್ತು. ಹೆಸರು ನೋಡಿದ ಕೂಡಲೇ ಆರಿಹೋಗುತ್ತಿತ್ತು. ನೋಡಿ ನೋಡಿ ನನಗೆ ಸಾಕಾಗಿತ್ತು.

ಕಳೆದ ವಾರ ನಾನು ತರಕಾರಿ ತರಲು ಹೋದವಳು ತಿರುಗಿ ಬರುವಷ್ಟರಲ್ಲಿ ನಡುಮನೆಯ ತುಂಬ ರಟ್ಟು. ನಿನ್ನ ಮನೆಗೆ ಸಾಮಾನು ಸಾಗಿಸಲೆಂದು ಔಷಧಿ ಅಂಗಡಿಯವನನ್ನು ಕಾಡಿ ಬೇಡಿ ತಂದು, ಮಡಿಚಿ ಮಂಚದಡಿ ಇಟ್ಟಿದ್ದೆನಲ್ಲ, ಸಲೈನ್ ಬಾಟಲಿಗಳು ಬರುವ ಗಟ್ಟಿ ಪೆಟ್ಟಿಗೆಗಳು, ಅವೇ. ಮಗಳು ನೆಲದ ಮೇಲೆ ಕೂತು ದೊಡ್ಡದೊಂದನ್ನು ಕತ್ತರಿಸುತ್ತಿದ್ದಳು. ಗುಬ್ಬಿ ಇನ್ನೊಂದನ್ನು ತಲೆಗೆ ಕವುಚಿಕೊಂಡು ಗೋಡೆಗೆ ಡಿಕ್ಕಿ ಹೊಡೆಯುತ್ತಿದ್ದಳು.

“ಅಮ್ಮಾ, ಎಷ್ಟು ಗಟ್ಟಿ ರಟ್ಟು ಇದು! ಸುಮ್ಮನೆ ತುರುಕಿಟ್ಟಿದ್ದೀಯಲ್ಲ. ಮೇಲೆ ಬಟ್ಟೆ ಅಂಟಿಸಿದ್ರೆ ಗುಬ್ಬಿ ಸಾಮಾನು ಇಡೋಕೆ ಎಷ್ಟು ಚೆನ್ನಾಗಿರುತ್ತೆ ಗೊತ್ತಾ?” ಅಂದಳು.

ಮುಟ್ಟಬೇಡ ಎಂದು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಬಂದಾಗಿನಿಂದ ಅವಳು ಇಷ್ಟು ಉದ್ದ ಮಾತಾಡಿದ್ದು ಅದೇ ಮೊದಲು. “ಆ ಕತ್ತರಿ ಮೊಂಡಾಗಿದೆ. ಇರು, ಚಾಕು ಕೊಡ್ತೀನಿ” ಎಂದೆ.

ಚಾಕು ಕೊಟ್ಟವಳು ಮೈದಾ ಅಂಟನ್ನೂ ಕಾಯಿಸಿಕೊಟ್ಟೆ. ಹಳೆಯ ನೀಲಿ ಪರದೆಯನ್ನು ಕತ್ತರಿಸಿದೆವು. ಅವಳು ಬಟ್ಟೆಯ ಮೂಲೆಗಳನ್ನು ಮುದ್ದೆ ಮಾಡಿ ಅಂಟಿಸುತ್ತಿದ್ದಳು. ನೋಡಲಾಗದೆ ನಾನೇ ಕೂತೆ. ಆಸ್ಪತ್ರೆಯ ಮಂಚಕ್ಕೆ ಚಾದರದ ಮೂಲೆ ಮಡಿಸಿದ ಹಾಗೆ ಮಡಿಸಿ ಒತ್ತಿದರೆ ಒಂದು ಸುಕ್ಕೂ ಇಲ್ಲ. “ಇದನ್ನೆಲ್ಲಿ ಕಲಿತೆ?” ಅಂದಳು. “ನಿನ್ನನ್ನ ಓದಿಸಿದ ಕೆಲಸದಲ್ಲಿ” ಅಂದೆ. ಯಾವ ಪೆಟ್ಟಿಗೆಯಲ್ಲಿ ಏನಿದೆ ಎಂದು ಗುಬ್ಬಿ ಮುಚ್ಚಳಗಳ ಮೇಲೆ ಚಿತ್ರ ಬರೆದಳು. ಕಾಲುಚೀಲದ ಚಿತ್ರ ಬದನೆಕಾಯಿಯಂತಿದೆ.

ಮಹಡಿ ಮೇಲಿನ ಮನೆಯಾಕೆ ಬಂದು, ಸಾಲಾಗಿ ಒಣಗಲಿಟ್ಟ ಪೆಟ್ಟಿಗೆಗಳನ್ನು ನೋಡಿ, “ಇನ್ನು ಸ್ವಲ್ಪ ಹೊತ್ತು ನಿಂತ್ರೆ ನನಗೂ ಬಟ್ಟೆ ಅಂಟಿಸಿ ಮೂಲೇಲಿ ಇಟ್ಬಿಡ್ತೀರಿ” ಅಂದರು. ಮಗಳು ನಕ್ಕಳು. ನಗುತ್ತ ನಗುತ್ತ ಅತ್ತಳು. ಅಳು ಮುಗಿದ ಮೇಲೆ ಸೂಟ್‌ಕೇಸುಗಳನ್ನು ಎಳೆದು ತಂದು, ತನ್ನ, ಗುಬ್ಬಿಯ ಬಟ್ಟೆಗಳನ್ನೆಲ್ಲ ಆ ಪೆಟ್ಟಿಗೆಗಳಲ್ಲಿ ಜೋಡಿಸಿದಳು. “ಈ ಸೂಟ್‌ಕೇಸುಗಳನ್ನ ಅಟ್ಟಕ್ಕೆ ಹಾಕೋಣಮ್ಮ, ಇನ್ನು ಬೇಕಾಗಲ್ಲ” ಅಂದಳು. ಕುರ್ಚಿ ಹತ್ತಿದ್ದು ಅವಳು, ಎತ್ತಿಕೊಟ್ಟದ್ದು ನಾನು. ಆ ದಿನದಿಂದಲೇ ಸೊಂಟ ಹಿಡಿದಿರುವುದು.

ನಾಳೆಯಿಂದ ಅವಳು ಒಂದು ಆಫೀಸಿಗೆ ಕೆಲಸಕ್ಕೆ ಹೋಗುತ್ತಾಳೆ. ಗುಬ್ಬಿಯನ್ನು ಇಲ್ಲೇ ಶಿಶುವಿಹಾರಕ್ಕೆ ಸೇರಿಸಿದ್ದಾಳೆ. ಅವಳನ್ನು ಬಿಡುವುದು, ಕರೆತರುವುದು, ಅಡುಗೆ, ಎಲ್ಲ ನನ್ನ ತಲೆಗೆ. ಬೇಸಿಗೆ ಕಳೆಯಲಿ, ನಾನು ಬರುವ ವಿಚಾರ ಆಮೇಲೆ ನೋಡೋಣ.

ಮಂಡಿಗೆ ಬಿಸಿ ಕೊಡುವುದನ್ನು ಬಿಡಬೇಡ. ನನ್ನ ಮಗಳ ಬಾಳು ನೆಟ್ಟಗಾಗಲಿ ಎಂದು ಅಲ್ಲಿಂದಲೇ ಹರಸು. ಗುಬ್ಬಿ ದೊಡ್ಡಜ್ಜಿಗೆ ಮುತ್ತು ಕಳಿಸಿದ್ದಾಳೆ.

ನಿನ್ನ
ತಂಗಿ

ತಾ.ಕ.: ಬೇಸಿಗೆ ಕಳೆಯಲಿ ಎಂದು ಬರೆದದ್ದು ನನ್ನ ಸಮಾಧಾನಕ್ಕೆ. ನಾನು ಬರುವುದಿಲ್ಲ ಅಕ್ಕ. ನನಗೆಂದು ಸುಣ್ಣ ಹೊಡೆಸಿದ ಕೋಣೆಯನ್ನು ಆ ಟೀಚರಮ್ಮ ಬಾಡಿಗೆಗೆ ಕೇಳುತ್ತಿದ್ದಾಳೆ ಅಂದಿದ್ದೆಯಲ್ಲ, ಅವಳಿಗೇ ಕೊಟ್ಟುಬಿಡು. ಇಬ್ಬರೂ ಜಗಳವಾಡುತ್ತ ಒಂದೇ ಸೂರಿನಡಿ ಮುದುಕಿಯರಾಗೋಣ ಅಂದುಕೊಂಡಿದ್ದೆವು. ಎಲ್ಲ ನಿಶ್ಚಯವಾದ ಮೇಲೆ ಮಗಳಿಗೆ ಹೇಳೋಣ ಎಂದು ಬಾಯಿಬಿಟ್ಟಿರಲಿಲ್ಲ. ಅವಳ ಮೇಲೆ ಸಿಟ್ಟಿಲ್ಲ. ಆದರೆ ಅಷ್ಟೂ ಪೆಟ್ಟಿಗೆಗಳನ್ನು ಕತ್ತರಿಸಿ ಅಂಟಿಸಿ ಮುಗಿಸಿದಳು. ಇವನ್ನು ಯಾಕೆ ಕೂಡಿಟ್ಟಿದ್ದೆ, ಎಲ್ಲಿಗೆ ಹೊರಟಿದ್ದೆ ಎಂದು ಒಂದು ಸಲವೂ ಕೇಳಲಿಲ್ಲ. ಕೇಳಿದ್ದರೆ “ಏನಿಲ್ಲ, ಸುಮ್ಮನೆ” ಅಂತಲೇ ಅನ್ನುತ್ತಿದ್ದೆ. ಆದರೂ ಕೇಳಬೇಕಿತ್ತು, ಅಲ್ಲವೇ ಅಕ್ಕ?